ಬೆಳ್ಳಿಯ ಮುಂದೆ ನಡೆದವರು

ಹುರುಳಿ ಬೆಂದು, ಬಸಿದು, ಆರುವ ತನಕ ಗಂಗಾದೇವಿ ಲಾಯದ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಆರಿದ ಮೇಲೆ ಅದನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ, ಗಂಟು ಬೆನ್ನ ಹಿಂದೆ ತೂಗುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಇಳಿಯುತ್ತಿದ್ದಳು. ಹಿಂದೆ ಅವರ ಕುದುರೆ ಬೆಳ್ಳಿ ಬರುತ್ತಿತ್ತು. ಬೆಳ್ಳಿಯ ಕಿವಿಯ ಹತ್ತಿರ ಪಕ್ಕದ ಮನೆಯ ದಾಸಣ್ಣ ಸೀಮೆಎಣ್ಣೆ ಡಬ್ಬ ಬಡಿಯುತ್ತ ಬರುತ್ತಿದ್ದ. ಜೀನಿನ ಮೇಲೆ ಮದುಮಗನ ಬದಲಿಗೆ ಒಂದು ಮರಳಿನ ಮೂಟೆ.

ಹಿಂದೂಪುರದ ಆ ಬೀದಿಯಲ್ಲಿ ಮನೆಮನೆಗೂ ಮಗ್ಗ. ಡಬ್ಬದ ಸದ್ದು ಹತ್ತಿರ ಬಂದಾಗ ಮಗ್ಗಗಳು ನಿಲ್ಲುತ್ತಿದ್ದವು.

"ಏನ್ ದಾಸಣ್ಣ, ಇವತ್ತೂ ಅದೇ ಮದ್ವೆ ಗಂಡಾ?" ಎಂದು ಕಿಟಕಿಯಿಂದ ಒಬ್ಬರು ಕೇಳುವರು.

"ಅದೇ ಕಣಪ್ಪ. ಮಾತಾಡಕ್ಕಿಲ್ಲ, ವರದಕ್ಷಿಣೆ ಕೇಳಕ್ಕಿಲ್ಲ. ನಿಮ್ಮನೇಲಿ ಹುಡುಗಿ ಇದ್ರೆ ಹೇಳ್ರಿ."

ಗಂಗಾದೇವಿ ತಿರುಗಿ ನೋಡುತ್ತಿರಲಿಲ್ಲ. ಬೆನ್ನಿಗೆ ಬೆಳ್ಳಿಯ ಬಿಸಿ ಉಸಿರು ತಗಲುತ್ತಿದೆಯೇ ಇಲ್ಲವೇ ಎಂಬುದಷ್ಟೇ ಅವಳಿಗೆ ಬೇಕಾದದ್ದು. ಬೀದಿಯ ಕೊನೆಯ ಬೇವಿನ ಮರದ ತನಕ ಹೋಗಿ, ಗಂಟು ಬಿಚ್ಚಿ ಒಂದು ಹಿಡಿ ತಿನ್ನಿಸಿ, ಮತ್ತೆ ಕಟ್ಟಿಕೊಂಡು ವಾಪಸು ನಡೆಯಬೇಕು. ಹೀಗೆ ಬಿಸಿಲೇರುವ ತನಕ.

ಅವಳ ಮಾವ ವೆಂಕಟರಾಮಪ್ಪ ಹರೆಯದಲ್ಲಿ ಮಗ್ಗ ಬಿಟ್ಟು ಜಟಕಾ ಹಿಡಿದವನು. ರೈಲ್ವೆ ಸ್ಟೇಷನ್ನಿನ ಮುಂದೆ ಅವನದೇ ಎರಡು ಜಟಕಾ ನಿಲ್ಲುತ್ತಿದ್ದ ಕಾಲವಿತ್ತು. ಆಟೋ ಬಂದ ಮೇಲೆ ಒಂದನ್ನು ಮಾರಿದ. ಇನ್ನೊಂದು ಗುಂಡಿಗೆ ಬಿದ್ದು ಮುರಿಯಿತು, ಅದರ ಜೊತೆ ಅವನ ಸೊಂಟವೂ ಮುರಿಯಿತು. ಅವನೀಗ ಪಡಸಾಲೆಯ ಮಂಚದ ಮೇಲೆ. ಅವನ ಮಗ, ಗಂಗಾದೇವಿಯ ಗಂಡ ಚೆನ್ನಕೇಶವ, ಅದಕ್ಕೂ ಮೊದಲೇ ಕಾಮಾಲೆಯಲ್ಲಿ ಹೋಗಿದ್ದ. ಮನೆಯಲ್ಲಿ ಉಳಿದದ್ದು ಮಾವ, ಅತ್ತೆ ಬನಶಂಕರಮ್ಮ, ಇವಳು ಮತ್ತು ಬೆಳ್ಳಿ.

ಗಂಗಾದೇವಿ ಅನಂತಪುರದಲ್ಲಿ ಬಿ.ಎ. ಓದಿದವಳು. ಅಲ್ಲಿಯೇ ಟ್ರೈನಿಂಗ್ ಕಾಲೇಜಿನಲ್ಲಿ ಬಿ.ಇಡಿ. ಸೀಟು ಸಿಕ್ಕಿತ್ತು. ಬರುವ ಸೋಮವಾರ ಸೇರದಿದ್ದರೆ ಸೀಟು ಬೇರೆಯವರಿಗೆ. ಅತ್ತೆ ಗಂಡನನ್ನು ನೋಡಿಕೊಂಡಾಳು; ಕುದುರೆಯನ್ನು ನೋಡಿಕೊಳ್ಳಲಾರಳು. ಹತ್ತಿರ ಹೋದರೆ ಬೆಳ್ಳಿ ಅವಳ ತೋಳಿಗೆ ಬಾಯಿ ಹಾಕುತ್ತಿತ್ತು. ಕೊಳ್ಳುತ್ತೇನೆಂದು ಬಂದವರು ಇಟ್ಟಿಗೆ ಗೂಡಿನವರು ಮಾತ್ರ. ಅವರು ಬಂದಾಗ ವೆಂಕಟರಾಮಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಅವರು ಹೋದ ಮೇಲೆ ಸೊಸೆಯನ್ನು ಕರೆದು ಹೇಳಿದ:

"ಅದುಕ್ಕೆ ಒಂದು ನೆಲೆ ಆಗ್ಲಿ ಕಣಮ್ಮ, ನೀನು ಹೋಗು. ನಾನ್ ಬ್ಯಾಡ ಅನ್ನಕ್ಕಿಲ್ಲ. ಇಟ್ಗೆ ಹೊರಕ್ಕೆ ಮಾತ್ರ ಕೊಡಾಕಿಲ್ಲ. ಮದ್ವೆ ಕುದ್ರೆ ಮಾಡಿ ಕೊಡಾನ."

ಮದುವೆ ಕುದುರೆ ಮಾಡುವುದೆಂದರೆ ಸದ್ದಿಗೆ ಹೆದರದ ಹಾಗೆ ಮಾಡುವುದು. ವೆಂಕಟರಾಮಪ್ಪನಿಗೆ ಅದರ ಕ್ರಮ ಗೊತ್ತಿತ್ತು. ಒಬ್ಬರು ಕಿವಿಯ ಹತ್ತಿರ ಬಡಿಯಬೇಕು, ಒಬ್ಬರು ಹುರುಳಿ ಇಟ್ಟುಕೊಂಡು ಮುಂದೆ ನಡೆಯಬೇಕು. ಎಂಥ ಸದ್ದಾದರೂ ಸರಿ, ಕುದುರೆಯ ಮನಸ್ಸು ಮುಂದಿರುವವರ ಮೇಲೆ ಇರಬೇಕು. ಅವನು ಹೀಗೆಯೇ ಮೂರ್ನಾಲ್ಕು ಕುದುರೆಗಳನ್ನು ತಯಾರು ಮಾಡಿದ್ದ. ಹೆಜ್ಜೆ ತಪ್ಪಿದಾಗ ಮಂಚದಿಂದಲೇ ಕೂಗುತ್ತಿದ್ದ. "ಮೆಲ್ಲಗಮ್ಮ, ಮೆಲ್ಲಗ. ನೀನು ಓಡಿದ್ರೆ ಅದೂ ಓಡ್ತದೆ. ಮದ್ಮಗ ಎಲ್ಲಿಗ್ ಹೋಗ್ಬೇಕು?"

ಗಂಗಾದೇವಿ ಈ ಕೆಲಸಕ್ಕೆಂದೇ ಒಂದು ಹಳೆಯ ಕಂದು ಸೀರೆ ಇಟ್ಟಿದ್ದಳು. ಲಾಯಕ್ಕೆ ಹೋಗುವಾಗ ಉಟ್ಟು, ಅಡುಗೆಮನೆಗೆ ಬರುವ ಮೊದಲು ಬಿಚ್ಚಿ ಗೂಟಕ್ಕೆ ಹಾಕುವಳು. ಒಗೆದರೂ ಅದರ ಹುರುಳಿ, ಬೆವರು, ಲದ್ದಿಯ ವಾಸನೆ ಹೋಗುತ್ತಿರಲಿಲ್ಲ. ಆಮೇಲಾಮೇಲೆ ಒಗೆಯುವುದನ್ನೂ ಬಿಟ್ಟಳು.

ಗುರುವಾರ ಕಲ್ಯಾಣದುರ್ಗದಿಂದ ಬ್ಯಾಂಡ್ ಸೆಟ್ಟಿನ ಜಯರಾಮಪ್ಪ ಬೆಳ್ಳಿಯನ್ನು ನೋಡಲು ಬಂದ. ದಪ್ಪ ಮೀಸೆ, ಜೇಬಿನಲ್ಲಿ ಸೀಟಿ. ತನ್ನ ತಮಟೆಯನ್ನು ತಾನೇ ತಂದಿದ್ದ. ಡಬ್ಬದ ಬದಲಿಗೆ ತಮಟೆ ಬಡಿದ, ಸೀಟಿ ಊದಿದ, ಬೆಳ್ಳಿಯ ಕಾಲ ಹತ್ತಿರ ಒಂದು ಪಟಾಕಿಯನ್ನೂ ಹಚ್ಚಿದ. ಬೆಳ್ಳಿ ಕಿವಿ ಅಲುಗಿಸಿ, ಗಂಗಾದೇವಿಯ ಬೆನ್ನಿಗೆ ಮೂತಿ ಹಚ್ಚಿಕೊಂಡು ಬೇವಿನ ಮರದ ತನಕ ಹೋಗಿ ಬಂತು.

"ಮಂಚಿ ಗುರ್ರಂ, ಒಳ್ಳೆ ಕುದ್ರೆ," ಎಂದ ಜಯರಾಮಪ್ಪ. "ಶನಿವಾರ ಇಳಿಹೊತ್ನಲ್ಲಿ ನಮ್ಮೂರಾಗೆ ಒಂದು ದೊಡ್ಡ ಮದ್ವೆ ಐತೆ. ಅದುಕ್ಕೆ ಕರ್ಕೊಂಡೋಯ್ತೀನಿ. ಸರಿಯಾಗಿ ನಡೆದ್ರೆ ಇಟ್ಕೋತೀನಿ. ಹೆಚ್ಚೂಕಮ್ಮಿ ಆದ್ರೆ ವಾಪಸ್ ತಂದ್ಬಿಡ್ತೀನಿ, ಬೇಜಾರ್ ಮಾಡ್ಕೋಬಾರ್ದು."

"ಹೆಚ್ಚೂಕಮ್ಮಿ ಆಗಕ್ಕಿಲ್ಲ," ಎಂದ ವೆಂಕಟರಾಮಪ್ಪ ಮಂಚದಿಂದ. ಅಂದು ರಾತ್ರಿ ಎರಡು ತುತ್ತು ಹೆಚ್ಚು ಉಂಡ.

ಬೆಳ್ಳಿ ಲಾರಿ ಹತ್ತುವುದು ಗಂಗಾದೇವಿ ಹತ್ತಿದರೆ ಮಾತ್ರ. ಹಾಗಾಗಿ ಅವಳೂ ಹೊರಟಳು. ಕಂದು ಸೀರೆಯಲ್ಲೇ ಹೊರಟಳು. ಕುದುರೆಯ ಪಕ್ಕ ಹುಲ್ಲಿನ ಮೇಲೆ ಕೂತು ಹೋಗುವುದಕ್ಕೆ ಇನ್ನೊಂದು ಸೀರೆ ಯಾಕೆ ಕೆಡಿಸಬೇಕು ಅನ್ನಿಸಿತು. ರೊದ್ದಂ ದಾಟಿದ ಮೇಲೆ ಡ್ರೈವರು ಚಹಾಕ್ಕೆ ನಿಲ್ಲಿಸಿ ಹಿಂದೆ ಬಂದು ಇಣುಕಿದ.

"ಏನಮ್ಮ, ಕುದ್ರೆಗೆ ಚಾಯ್ ಬೇಕಾ?"

"ಬೇಡಪ್ಪ. ನೀರಿದ್ರೆ ಕೊಡು."

"ನಿಮ್ಗೆ?"

 ತನಗೆ ಬೇಕೋ ಬೇಡವೋ ಅವಳಿಗೆ ಗೊತ್ತಾಗಲಿಲ್ಲ. "ಕೊಡು," ಎಂದಳು. ಚಹಾ ಕುಡಿದದ್ದಷ್ಟೇ ಆಮೇಲೆ ನೆನಪಿತ್ತು, ರುಚಿ ನೆನಪಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಜಯರಾಮಪ್ಪನ ಹೆಂಡತಿ ಮುನಿಯಕ್ಕ ಬಾಗಿಲಲ್ಲೇ ಕಾದಿದ್ದಳು. ಎತ್ತರದ ಹೆಂಗಸು, ಕೈತುಂಬ ಬಳೆ, ಬಾಯಿತುಂಬ ಎಲೆಯಡಿಕೆ. ಬೆಳ್ಳಿಯನ್ನು ಹಿತ್ತಿಲಲ್ಲಿ ಕಟ್ಟಿಸಿದಳು, ಗಂಗಾದೇವಿಗೆ ಮುದ್ದೆ ಇಕ್ಕಿದಳು. ಗಂಡ ಎಲ್ಲಿ, ಮಕ್ಕಳೆಷ್ಟು ಎಂದು ಕೇಳಲಿಲ್ಲ. ಹಣೆ, ಕತ್ತು ನೋಡಿದ್ದಳು, ಅಷ್ಟೇ ಸಾಕಾಗಿತ್ತು.

ಇಳಿಹೊತ್ತಿಗೆ ಜಯರಾಮಪ್ಪ ಬೆಳ್ಳಿಗೆ ಜರಿಯ ಹೊದಿಕೆ ಹೊದಿಸಿ, ನೆತ್ತಿಗೆ ಕೆಂಪು ತುರಾಯಿ ಕಟ್ಟಿ, ಲಗಾಮು ಹಿಡಿದು ಕರೆದುಕೊಂಡು ಹೋದ. ಬೆಳ್ಳಿ ತಕರಾರಿಲ್ಲದೆ ಹೋಯಿತು. ಗಂಗಾದೇವಿ ಹಿತ್ತಿಲಲ್ಲೇ ಉಳಿದಳು. ಮದುವೆಯ ಮೆರವಣಿಗೆಯ ಹತ್ತಿರ ಹೋಗಬಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾನಿಯಲ್ಲಿ ಕೈಕಾಲು ತೊಳೆದು ಕಲ್ಲಿನ ಮೇಲೆ ಕೂತಳು. ಸೋಮವಾರ ಉಡಲು ಒಂದು ಸೀರೆ ಇಸ್ತ್ರಿ ಮಾಡಬೇಕು ಎಂದುಕೊಂಡಳು. ಬಹಳ ದಿನಗಳ ಮೇಲೆ ಮುಂದಿನ ದಿನದ ಬಗ್ಗೆ ಯೋಚನೆ ಬಂದದ್ದು ಅದೇ ಮೊದಲು.

ಆಂಜನೇಯನ ಗುಡಿಯ ಹತ್ತಿರ ಬ್ಯಾಂಡು ಶುರುವಾಯಿತು. ಗುಡಿಯಿಂದ ಛತ್ರಕ್ಕೆ ಈ ಬೀದಿಯ ಮೇಲೆಯೇ ದಾರಿ. ಅವಳು ಕಿವಿಗೊಟ್ಟಳು. ಸದ್ದು ಹತ್ತಿರ ಬರಲಿಲ್ಲ. ನಿಂತಿತು. ನಿಂತಾಗ ಲಾಳದ ಸಪ್ಪಳ ನಾಲ್ಕು ಹೆಜ್ಜೆ ಕೇಳಿದ ಹಾಗಾಯಿತು. ಮತ್ತೆ ತಮಟೆ ಶುರು. ಮತ್ತೆ ಅದೇ ಜಾಗದಿಂದ. ಮತ್ತೆ ನಿಂತಿತು.

ಆಗ ಅವಳಿಗೆ ಅರ್ಥವಾಯಿತು. ಕಲಿಸಿದ ಪಾಠವನ್ನು ಬೆಳ್ಳಿ ಸರಿಯಾಗಿಯೇ ಕಲಿತಿತ್ತು. ಸದ್ದಿಲ್ಲದಾಗ ಯಾರು ಲಗಾಮು ಹಿಡಿದರೂ ನಡೆಯುತ್ತದೆ. ಸದ್ದು ಬಂದರೆ ಮುಂದೆ ಹುರುಳಿಯವರು ಇರಬೇಕು. ಮಾವ ತಯಾರು ಮಾಡಿದ ಕುದುರೆಗಳ ಮುಂದೆ ಮದುವೆಯಲ್ಲೂ ಮಾವನೇ ನಡೆಯುತ್ತಿದ್ದ. ಅವನ ಜಾಗದಲ್ಲಿ ಈಗ ಸೊಸೆ ನಡೆಯುತ್ತಿದ್ದಾಳೆಂಬುದು ಮಂಚದ ಮೇಲಿದ್ದ ಅವನಿಗೂ ಹೊಳೆಯಲಿಲ್ಲ, ಪಟಾಕಿ ಹಚ್ಚಿ ನೋಡಿದ ಜಯರಾಮಪ್ಪನಿಗೂ ಹೊಳೆಯಲಿಲ್ಲ. ಬಿ.ಎ. ಓದಿದ ತನಗೂ ಇಲ್ಲ. ಗಂಡನಿಲ್ಲದವಳು ಮದುಮಗನ ಮುಂದೆ ನಡೆಯುವುದುಂಟೇ?

ಜಯರಾಮಪ್ಪ ಬೆವರು ಒರೆಸಿಕೊಳ್ಳುತ್ತ ಹಿತ್ತಿಲಿಗೆ ಬಂದ. ಅವನ ಹಿಂದೆ ಮದುಮಗನ ದೊಡ್ಡಪ್ಪ ಈರಲಿಂಗಪ್ಪ, ಪೇಟ ಕೈಯಲ್ಲಿ ಹಿಡಿದು.

"ಅಮ್ಮಯ್ಯ, ನಿಂತ್ಬುಟ್ಟದೆ," ಎಂದ ಜಯರಾಮಪ್ಪ. "ತಮಟೆ ಬಡಿದ್ರೆ ತಿರುಗಿ ತಿರುಗಿ ಜನದಾಗೆ ಹುಡುಕ್ತದೆ. ಹೆಂಗಸರ ಸೆರಗೆಲ್ಲ ಮೂಸ್ತದೆ. ಒಬ್ಳು ಕಿರುಚ್ಕೊಂಡ್ಲು."

"ಮದ್ಮಗನ್ನ ಇಳಿಸಿ ನಡೆಸ್ಕೊಂಡು ಹೋಗ್ರಿ," ಎಂದಳು ಗಂಗಾದೇವಿ.

"ಏರಿದ ಕುದ್ರೆಯಿಂದ ಮಧ್ಯದಾಗೆ ಇಳೀಬಾರ್ದು ಕಣಮ್ಮ," ಎಂದ ಈರಲಿಂಗಪ್ಪ. "ಛತ್ರದ ಬಾಗ್ಲಲ್ಲೇ ಇಳೀಬೇಕು. ತಮಟೆ ಇಲ್ದೆ ಹೋಗಾನ ಅಂದ್ರೆ, ಅದೇನು ಮದ್ವೆಯಾ, ಇನ್ನೇನಾ? ನೀವು ಬಂದ್ರೆ ನಡೀತದಂತೆ."

"ನಾನು ಬರಬಾರದಲ್ಲ."

ಈರಲಿಂಗಪ್ಪ ಅವಳ ಹಣೆ ನೋಡಿ ಪೇಟವನ್ನು ಕೈಯಿಂದ ಕೈಗೆ ಬದಲಾಯಿಸಿದ.  ಬಾಗಿಲಲ್ಲಿ ನಿಂತಿದ್ದ ಮುನಿಯಕ್ಕ ಎಲೆಯಡಿಕೆ ಉಗಿದು ಬಂದಳು.

"ಅಣ್ಣಾ, ನಮ್ಮೂರ ರೋಡು ಯಾರಪ್ಪಂದು?"

"ಸರ್ಕಾರದ್ದು."

"ಸರ್ಕಾರದ ರೋಡ್ನಾಗೆ ಬಸ್ ಸ್ಟ್ಯಾಂಡಿಗೆ ಹೋಗೋರು ಹೋಯ್ತಾರೆ, ಸಂತೆಗೆ ಹೋಗೋರು ಹೋಯ್ತಾರೆ. ಅವ್ರನ್ನೆಲ್ಲ ನಿಲ್ಲಿಸಿ ನಿನ್ ಗಂಡ ಅವ್ನಾ ಅಂತ ಕೇಳ್ತೀರಾ? ಈಯಮ್ಮ ಬಸ್ ಸ್ಟ್ಯಾಂಡಿಗೆ ಹೋಯ್ತಾಳೆ. ಹಿಂದೆ ನಿಮ್ ಮೆರವಣಿಗೆ ಬಂದ್ರೆ ಅವ್ಳೇನ್ ಮಾಡ್ತಾಳೆ?"

ಈರಲಿಂಗಪ್ಪ ಪೇಟ ತಲೆಗೆ ಇಟ್ಟುಕೊಂಡ. "ನಾನು ಏನೂ ಕೇಳಿಸ್ಕೊಂಡಿಲ್ಲ," ಎಂದು ಹೇಳಿ ಹೊರಟುಹೋದ.

ಮುನಿಯಕ್ಕ ಬೆಳ್ಳಿಗೆಂದು ಒಲೆಯ ಮೇಲಿಟ್ಟಿದ್ದ ಹುರುಳಿಯನ್ನು ಬಸಿದು ತಂದಳು. ಗಂಗಾದೇವಿ ಬೇಡವೆನ್ನಲೂ ಇಲ್ಲ, ಬರುತ್ತೇನೆನ್ನಲೂ ಇಲ್ಲ. ಗಂಟು ಕಟ್ಟಿಕೊಂಡಳು. ಬಿಸಿ ಹುರುಳಿ ಸೊಂಟಕ್ಕೆ ಚುರುಗುಟ್ಟಿತು.

ಗುಡಿಯ ಮುಂದೆ ಜನ ದಾರಿ ಬಿಟ್ಟರು. ಅವಳು ತಲೆ ತಗ್ಗಿಸಿ ಮೆರವಣಿಗೆಯನ್ನು ದಾಟಿ ಮುಂದೆ ಹೋದಳು. ಬೆಳ್ಳಿ ಒಮ್ಮೆ ಕೆನೆಯಿತು. ತಮಟೆ ಶುರುವಾಯಿತು, ಹಿಂದೆಯೇ ಬ್ಯಾಂಡು. ಹತ್ತು ಮಾರು ಹೋಗುವಷ್ಟರಲ್ಲಿ ಬೆನ್ನಿಗೆ ಆ ಉಸಿರು ತಗಲಿತು.

ಬೀದಿಯ ಎರಡೂ ಕಡೆ ಜನ. ಆರತಿ ಹಿಡಿದ ಹೆಂಗಸರು ಅವಳು ದಾಟುವ ತನಕ ಆಕಾಶ ನೋಡಿದರು, ಇಲ್ಲವೇ ತಟ್ಟೆಯ ದೀಪ ಸರಿಮಾಡಿದರು; ಅವಳು ದಾಟಿದ ಮೇಲೆ ಮುಂದೆ ಬಂದು ಮದುಮಗನಿಗೆ ಎತ್ತಿದರು. ಯಾರ ಕಣ್ಣೂ ಅವಳ ಮೇಲೆ ಬೀಳಲಿಲ್ಲ. ಇಡೀ ಊರು ಸೇರಿ ಒಬ್ಬಳನ್ನು ನೋಡದಿರುವುದು ಸುಲಭದ ಕೆಲಸವಲ್ಲ, ಅವರೂ ದಣಿದಿರಬೇಕು ಎಂದುಕೊಂಡಳು. ಒಬ್ಬ ಮುದುಕಿ ಮಾತ್ರ ಕೈ ಹಣೆಗೆ ಅಡ್ಡ ಹಿಡಿದು ಜೋರಾಗಿ ಕೇಳಿದಳು, "ಎವರೇ ಆ ಪಿಲ್ಲ? ಮದ್ಲಿಂಗನ ಅಕ್ಕನಾ?" ಅವಳ ಪಕ್ಕದವಳು, "ಯಾರೂ ಇಲ್ಲ ಕಣಜ್ಜಿ, ಸುಮ್ನಿರು," ಎಂದಳು.

ಛತ್ರದ ಬಾಗಿಲು ಬಂತು. ಗಂಗಾದೇವಿ ನಿಲ್ಲದೆ ಮುಂದೆ ಹೋದಳು. ಮದುಮಗನನ್ನು ಇಳಿಸುವುದಕ್ಕೆ ತಮಟೆ ನಿಂತದ್ದರಿಂದ ಬೆಳ್ಳಿ ಅಲ್ಲೇ ನಿಂತಿತು. ಅವಳು ಬಸ್ ಸ್ಟ್ಯಾಂಡಿನ ತನಕವೂ ಹೋಗಿ, ಅಲ್ಲಿನ ಕಲ್ಲು ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂತು, ಬೇರೆ ದಾರಿಯಿಂದ ಮುನಿಯಕ್ಕನ ಮನೆಗೆ ಬಂದಳು.

ಬೆಳಗ್ಗೆ ಜಯರಾಮಪ್ಪ ಮುಖ ಕೊಟ್ಟು ಮಾತಾಡಲಿಲ್ಲ. ಹಲ್ಲುಜ್ಜುತ್ತ, ಬೇಲಿಯ ಕಡೆ ನೋಡುತ್ತ ಹೇಳಿದ:

"ನಿನ್ನೆ ಹೆಂಗೋ ಆಯ್ತು. ದಿನಾ ಆಗಕ್ಕಿಲ್ಲ ಕಣಮ್ಮ. ನಿಮ್ಮನ್ನ ಕೂರಿಸ್ಕೊಂಡು ಮದ್ವೆ ಮದ್ವೆಗೂ ಬಸ್ ಸ್ಟ್ಯಾಂಡ್ ಅಂತ ಸುಳ್ಳು ಹೇಳಕ್ಕಾಗ್ತದಾ? ಮಧ್ಯಾಹ್ನ ಲಾರಿ ಐತೆ. ಕುದ್ರೆ ಹತ್ತಿಸ್ತೀನಿ."

"ಹುರುಳಿ ಕಟ್ಕೊಂಡು ನಾನು ನಡೀತೀನಿ ಬಿಡು," ಎಂದಳು ಮುನಿಯಕ್ಕ. "ಹುರುಳಿ ತಾನೇ ಅದುಕ್ಕೆ ಬೇಕಾಗಿರೋದು."

ನಡೆದು ನೋಡಿದಳು. ಜಯರಾಮಪ್ಪ ತಮಟೆ ಬಡಿದ. ಬೆಳ್ಳಿ ಮುನಿಯಕ್ಕನ ಹೊಸ ನೈಲಾನ್ ಸೀರೆಯನ್ನು ಮೂಸಿ, ಸೀನಿ, ಗಂಗಾದೇವಿಯ ಕಡೆ ತಿರುಗಿ ನಿಂತಿತು.

ಗಂಗಾದೇವಿ ಕಲ್ಲಿನ ಮೇಲೆ ಕೂತಳು. ಮಧ್ಯಾಹ್ನ ಲಾರಿ ಹತ್ತಬೇಕು. ಸಂಜೆ ಹುರುಳಿ ನೆನೆಹಾಕಬೇಕು. ಸೋಮವಾರ ಬೇಯಿಸಬೇಕು. ಸೋಮವಾರವೂ ಹಾಗೆಯೇ ಹೋಗುತ್ತದೆ. ಅದರಲ್ಲಿ ಅಂಥ ಕಷ್ಟವೇನೂ ಕಾಣಲಿಲ್ಲ. ಬೆಳ್ಳಿ ಹಗ್ಗದುದ್ದಕ್ಕೂ ಬಂದು ಅವಳ ಸೆರಗನ್ನು ತುಟಿಯಲ್ಲಿ ಹಿಡಿದು ಎಳೆಯಿತು. ಗಂಟು ಇರಲಿಲ್ಲ. ಹುರುಳಿ ಇರಲಿಲ್ಲ. ಆದರೂ ಬಟ್ಟೆಯನ್ನು ಬಿಡಲಿಲ್ಲ. ಕಣ್ಣು ಅರೆಮುಚ್ಚಿ ಮೂಸುತ್ತ ನಿಂತಿತು.

ಅವಳು ಅದನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, "ಅಕ್ಕ, ಈ ಸೆರಗು ನೀವು ಕಟ್ಕೋತೀರಾ?" ಎಂದು ಕೇಳಿದಳು.

ಮುನಿಯಕ್ಕ ಅರ್ಥವಾಗದೆ ನೋಡಿದಳು.

"ಅದು ನನ್ನ ಹಿಂದೆ ಬರ್ತಿಲ್ಲ. ಈ ವಾಸನೆ ಹಿಂದೆ ಬರ್ತಿದೆ. ಸೆರಗು ಹರಿದು ಕೊಡ್ತೀನಿ, ನೀವು ಹುರುಳಿ ಕಟ್ಕೊಂಡು ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ." ಸೆರಗನ್ನು ಬೆಳ್ಳಿಯ ತುಟಿಯಿಂದ ಬಿಡಿಸಿಕೊಂಡು ಹೇಳಿದಳು, "ನನ್ನ ಸೀರೆ. ನಿಮಗೆ ಬೇಡ ಅನ್ಸಿದ್ರೆ ಬೇಡ."

ಜಯರಾಮಪ್ಪ ಹಲ್ಲುಜ್ಜುವುದನ್ನು ನಿಲ್ಲಿಸಿದ. ಮುತ್ತೈದೆಯ ಸೊಂಟಕ್ಕೆ ವಿಧವೆಯ ಸೆರಗು. ಅವನು ಹೆಂಡತಿಯ ತಾಳಿಯ ಕಡೆ ನೋಡಿದ್ದನ್ನು ಗಂಗಾದೇವಿ ಕಂಡಳು. ತಾಳಿ ಅವನದೇ ಆಯುಷ್ಯ ತಾನೇ.

ಮುನಿಯಕ್ಕ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು, ಕೆಳಕ್ಕೆ ಬಿಟ್ಟಳು. ಬೆಳ್ಳಿಯನ್ನು ನೋಡಿದಳು. ಗಂಡನನ್ನೂ ನೋಡಿದಳು.

"ಏನಯ್ಯಾ, ಭಯ ಆಯ್ತದಾ?"

"ನಂಗೇನ್ ಭಯ," ಎಂದ ಜಯರಾಮಪ್ಪ ಮೆಲ್ಲಗೆ.

"ನಿಂಗಿಲ್ದಿದ್ರೆ ನಂಗ್ಯಾಕೆ. ಹರಿಯಮ್ಮ. ಲದ್ದಿ ವಾಸ್ನೆ ಬಿಟ್ರೆ ಆ ಸೀರೆನಾಗೆ ನಂಗೇನೂ ಕಾಣ್ತಿಲ್ಲ."

ನೇಯುವವರ ಮನೆಯಲ್ಲಿ ಉಟ್ಟ ಸೀರೆಯನ್ನು ಹರಿಯುವುದಿಲ್ಲ. ಗಂಗಾದೇವಿ ಅಂಚನ್ನು ಹಲ್ಲಿನಿಂದ ಕಚ್ಚಿ, ಅಡ್ಡದ ಎಳೆ ಹಿಡಿದು ಎಳೆದಳು. ಸೀರೆ ನೇರವಾಗಿ, ಉದ್ದನೆಯ ಸದ್ದು ಮಾಡುತ್ತ ಹರಿಯಿತು. ಉಳಿದದ್ದು ಎದೆಯ ಮೇಲೆ ಹೊದೆಯುವುದಕ್ಕೆ ಸಾಲಲಿಲ್ಲ. ಮುನಿಯಕ್ಕ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಪೆಟ್ಟಿಗೆಯಿಂದ ತನ್ನದೊಂದು ಸೀರೆ ತೆಗೆದುಕೊಟ್ಟಳು. ಗಿಳಿಹಸಿರು, ಕೆಂಪು ಅಂಚು.

"ಇದಕ್ಕಿಂತ ಮಂಕಾದದ್ದು ನನ್ನತ್ರ ಇಲ್ಲ ಕಣಮ್ಮ. ಏಂ ಚೇಸ್ತಾಂ, ಏನ್ ಮಾಡಾದು."

ಗಂಗಾದೇವಿ ಉಟ್ಟುಕೊಂಡಳು.

"ಈಗ ನೀನು ಕಾಣಬಾರ್ದು," ಎಂದಳು ಮುನಿಯಕ್ಕ, ಕಂದು ತುಂಡಿನಲ್ಲಿ ಹುರುಳಿ ಕಟ್ಟಿಕೊಳ್ಳುತ್ತ. "ಒಳಗೇ ಇರು."

ಅವಳು ಅಡುಗೆಮನೆಯಲ್ಲಿ, ಕಿಟಕಿ ಇಲ್ಲದ ಗೋಡೆಗೆ ಒರಗಿ ನಿಂತಳು. ತಮಟೆ ಶುರುವಾಯಿತು. ಲಾಳದ ಸಪ್ಪಳ ಒಂದೇ ಕಡೆ ಸುತ್ತಿತು, ನಿಂತಿತು. ಜಯರಾಮಪ್ಪ ಬಡಿಯುತ್ತಲೇ ಇದ್ದ. "ಬಾ ತಾಯಿ, ಬಾರೇ," ಎಂದು ಮುನಿಯಕ್ಕ ಕರೆಯುತ್ತಿದ್ದಳು. ಕುದುರೆ ಒಮ್ಮೆ ಮೂಗು ಫರಗುಟ್ಟಿಸಿತು. ಗಂಗಾದೇವಿ ಉಸಿರು ಹಿಡಿಯಲಿಲ್ಲ, ದೇವರನ್ನೂ ನೆನೆಯಲಿಲ್ಲ. ಗೋಡೆ ತಣ್ಣಗಿತ್ತು. ಆಮೇಲೆ ಲಾಳದ ಸಪ್ಪಳ ಹಿತ್ತಿಲ ಬಾಗಿಲು ದಾಟಿತು, ಬೀದಿಗೆ ಇಳಿಯಿತು, ತಮಟೆಯ ಜೊತೆಜೊತೆಗೆ ಗುಡಿಯ ಕಡೆ ಹೋಗುತ್ತ ಹೋಗುತ್ತ ಸಣ್ಣದಾಯಿತು. ಅವರು ತಿರುಗಿ ಬರುವ ತನಕ ಅವಳು ಅಲ್ಲೇ ನಿಂತಿದ್ದಳು.

"ಈ ಬಟ್ಟೇನ ನಾನು ಒಗೆಯಕ್ಕಿಲ್ಲ," ಎಂದ ಜಯರಾಮಪ್ಪ ಬಂದವನೇ, ಯಾರೋ ಒಗೆಯಲು ಹೇಳಿದ ಹಾಗೆ. ಲಾರಿಯವನಿಗೆ ಬೇಡವೆಂದು ಹೇಳಿಕಳಿಸಿದ.

ಅವಳು ಬೆಳ್ಳಿಯನ್ನು ಮತ್ತೆ ನೋಡಲಿಲ್ಲ. ನೋಡಿದರೆ ಕಲಿತದ್ದು ಕೆಡುತ್ತದೆ ಎಂದು ಮುನಿಯಕ್ಕ ಅವಳನ್ನು ಮುಂಬಾಗಿಲಿನಿಂದಲೇ ಕಳಿಸಿದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಹಸಿರು ಸೀರೆ ನೋಡಿ, ಹೂವಿನ ಮೊಳದಿಂದ ಒಂದು ತುಂಡು ಕಿತ್ತು, "ತಗೋ ಅಮ್ಮ," ಎಂದು ಕೊಡಹೋದವಳು ಅವಳ ಹಣೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಗಂಗಾದೇವಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಮನೆ ತಲುಪಿದಾಗ ಹೊತ್ತು ಇಳಿದಿತ್ತು. ಬನಶಂಕರಮ್ಮ ಬಾಗಿಲು ತೆಗೆದು, ಗಿಳಿಹಸಿರನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಹೇಳದೆ ನೀರು ತರಲು ಹೋದಳು.

"ನಡೀತಾ?" ಎಂದು ಮಂಚದಿಂದ ಮಾವ ಕೇಳಿದ.

"ನಡೀತು, ಮಾವ."

"ಮುಂದೆ ಯಾರು?"

"ಅವರ ಹೆಂಡ್ತಿ. ಮುನಿಯಕ್ಕ ಅಂತ."

ವೆಂಕಟರಾಮಪ್ಪ ಸೂರು ನೋಡುತ್ತ ಮಲಗಿದ್ದ. ಅವನಿಗೆ ಆಗ ಹೊಳೆಯಿತೋ ಏನೋ, ತುಟಿ ಅಲುಗಿತು. "ನಾನು ಅದುನ್ನ ಯೋಚ್ನೆನೇ ಮಾಡ್ಲಿಲ್ವಲ್ಲಮ್ಮ," ಎಂದ. ಆಮೇಲೆ ಅವಳ ಕಡೆ ತಿರುಗಿ ಕೇಳಿದ, "ನಾಳೆ ಎಷ್ಟೊತ್ಗೆ ಬಸ್ಸು?"

"ಐದೂವರೆಗೆ."

"ದಾಸಣ್ಣಂಗೆ ಹೇಳ್ತೀನಿ. ಟ್ರಂಕು ತಂದು ಬಿಡ್ತಾನೆ."

ಅವಳು ಹೂಂ ಎಂದಳು. ಸೀರೆ ಇಸ್ತ್ರಿ ಮಾಡಬೇಕಿತ್ತು. ಆಮೇಲೆ ಮಾಡಿದರಾಯಿತೆಂದು ಗೋಡೆಯ ಪಕ್ಕ ನೆಲದ ಮೇಲೆ ಮೈಚಾಚಿದಳು. ದೀಪ ಹಚ್ಚುವ ಹೊತ್ತಿಗೆ ಮಲಗಬಾರದು ಎನ್ನುವ ಬನಶಂಕರಮ್ಮ ಅಂದು ಸೊಸೆಯನ್ನು ಎಬ್ಬಿಸಲಿಲ್ಲ. ಅವಳನ್ನು ದಾಟಿಕೊಂಡು ಹೋಗಿ ದೀಪ ಹಚ್ಚಿ, ಬತ್ತಿ ಸಣ್ಣದು ಮಾಡಿದಳು.